ತೋಟವೆಂದರೆ ಬರಿಯ ನೋಟವೆ?

ಬೆಂಗಳೂರಿನ ಲಾಲ್‌ಬಾಗ್ ಎಂದೊಡನೆ ನಮ್ಮ ಹಾಸನ ಸೀಮೆಯವರಿಗೆ ನೆನಪಾಗುವುದು ಗಾಜಿನ ಮನೆ, ಹೂವಿನ ಪ್ರದರ್ಶನ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಹೇಳುವ ಮಾತೇ ಬೇರೆ.

1760ರಲ್ಲಿ ಹೈದರಾಲಿ ಈ ತೋಟವನ್ನು ಹಾಕಿಸಿದನು. ಟಿಪ್ಪು ದೂರದೇಶಗಳ ಸಸಿ, ಬೀಜಗಳನ್ನು ತರಿಸಿ ಬೆಳೆಸಿದನು. ಅರಸರ ಆ ತೋಟ 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಮೇಲ್ವಿಚಾರಕ ಜಾನ್ ಕ್ಯಾಮರಾನನ ಕಾಲದಲ್ಲೇ, 1889ರಲ್ಲಿ, ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಮೆಕ್ಸಿಕೋ ಕಡೆಯ ಸೀಮೆಬದನೆಯನ್ನು ಇಲ್ಲಿ ರೂಢಿಗೆ ತಂದವನೂ ಅವನೇ. ತಮಿಳರು ಇಂದಿಗೂ ಅದನ್ನು ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ. ಹೊಳೆನರಸೀಪುರದ ಸಂತೆಯಲ್ಲಾದರೋ ಅದನ್ನು ಪರದೇಶಿಯೆಂದು ಯಾರೂ ಎಣಿಸರು.

ಅರಸರ ಹೆಸರು ಗ್ರಂಥಗಳಲ್ಲಿ ಉಳಿದೀತು. ಉದ್ಯಾನದ ಚರಿತ್ರೆಯೋ ನಮ್ಮ ಮನೆಯ ಹುಳಿಯಲ್ಲಿ ಕುದಿಯುತ್ತಿದೆ. ಇಂಥ ನೆಲದಲ್ಲಿ ಒಂದು ಮೊಳ ಕೇಳಲು ಬರುವವರು ಮೊದಲು ಈ ಋಣದ ಲೆಕ್ಕ ಹಾಕಲಿ.