ಸರ್ಪಿಕೋ, ಡರ್ಕ್ ಮತ್ತು ತಿಂಗಳ ಮಾಮೂಲು

ಇಬ್ಬರು ಪೊಲೀಸರಿರುವ ಸಿನಿಮಾಗಳ ಸೂತ್ರ ನಮಗೆಲ್ಲ ಬಾಯಿಪಾಠ. ಒಬ್ಬ ಮುಂಗೋಪಿ, ಇನ್ನೊಬ್ಬ ಸಮಾಧಾನಿ. ಮೊದಲರ್ಧದಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಇಂಟರ್‌ವೆಲ್ ಹೊತ್ತಿಗೆ ತಮ್ಮ ಮೇಲಧಿಕಾರಿಯೇ ಡಾನ್‌ನ ಜೇಬಿನಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಕೊನೆಗೆ ಯಾವುದೋ ಗೋಡೌನಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಢಂ ಢಂ... ಶುಭಂ. ನಾನೂ ಇಂಥ ಸಿನಿಮಾಗಳ ಭಕ್ತನೇ. ಬೇಜಾರಾದಾಗೆಲ್ಲ ಒಂದನ್ನು ಹಾಕಿಕೊಂಡು ಕೂರುವವನು.

ಕಳೆದ ತಿಂಗಳು ಊರಿಗೆ ಹೋದಾಗ ಸೋದರಮಾವನ ಜೊತೆ ಕೂತು 'ಸರ್ಪಿಕೋ' ನೋಡಿದೆ. 1973ರಲ್ಲಿ ಬಂದ ಸಿನಿಮಾ, ಸಿಡ್ನಿ ಲ್ಯುಮೆಟ್ ನಿರ್ದೇಶನ, ಗಡ್ಡ ಬಿಟ್ಟ ಅಲ್ ಪಚಿನೊ. ಮಾವ ಪೊಲೀಸ್ ಇಲಾಖೆಯಲ್ಲಿದ್ದು ದಫೇದಾರರಾಗಿ ನಿವೃತ್ತರಾದವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಎದ್ದು ಹೋಗದೆ ನೋಡಿದರು. ನಾಯಕನ ಮುಖಕ್ಕೆ ಗುಂಡು ಬೀಳುವ ದೃಶ್ಯ ಬಂದಾಗ ಮಾತ್ರ "ನಿಲ್ಸೋ ಒಂದ್ನಿಮಿಷ" ಅಂದರು.

"ಗುಂಡು ಹೊಡೆದವನು ಹೇಗೂ ಕಳ್ಳ. ಅವನ ಕಸುಬು ಅವನು ಮಾಡ್ದ. ಇವನ ಹಿಂದೆ ನಿಂತಿದ್ರಲ್ಲ, ಅವರು ಏನ್ ಮಾಡ್ತಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿನಿಮಾದಲ್ಲಿ ಅರ್ಧಕ್ಕರ್ಧ ಮರೆಯಾದ ಒಂದು ಚರಿತ್ರೆ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

1960ರ ದಶಕದ ನ್ಯೂಯಾರ್ಕಿನಲ್ಲಿ ಸಂಘಟಿತ ಅಪರಾಧಿಗಳ ದಿನನಿತ್ಯದ ಅನ್ನ ಅಂದರೆ ಜೂಜು. ಅದರಲ್ಲೂ 'ನಂಬರ್ಸ್' ಅನ್ನುವ ಆಟ. ನಮ್ಮ ಮಟ್ಕಾದ ಅಣ್ಣ ಅಂತಿಟ್ಟುಕೊಳ್ಳಿ. ಮೂರಂಕಿಯ ಒಂದು ಸಂಖ್ಯೆಯ ಮೇಲೆ ಬಡ ಕೇರಿಗಳ ಜನ ಚಿಲ್ಲರೆ ಕಾಸು ಕಟ್ಟುತ್ತಿದ್ದರು. ಚಿಲ್ಲರೆಯೆಲ್ಲ ಸೇರಿ ಮೇಲೆ ಹೋಗುವ ಹೊತ್ತಿಗೆ ದೊಡ್ಡ ಹೊಳೆಯೇ ಆಗುತ್ತಿತ್ತು. ಇದನ್ನು ತಡೆಯಲಿಕ್ಕೆಂದೇ ಮಫ್ತಿಯಲ್ಲಿ ಓಡಾಡುವ ಪೊಲೀಸರ ದಳಗಳಿದ್ದವು. ಅವರು ಹಿಡಿಯುತ್ತಲೂ ಇದ್ದರು, ಆದರೆ ತಿಂಗಳ ಕಂತು ಕಟ್ಟದವರನ್ನು!

ಈ ವಸೂಲಿಗೆ ಅಲ್ಲಿ 'ಪ್ಯಾಡ್' ಅನ್ನುತ್ತಿದ್ದರು. ಒಬ್ಬೊಬ್ಬರ ಪಾಲಿಗೆ 'ನಟ್'. ವ್ಯವಸ್ಥೆ ಎಷ್ಟು ಅಚ್ಚುಕಟ್ಟು ಅಂದರೆ ನಮ್ಮ ಯಾವ ಸಹಕಾರ ಸಂಘವೂ ನಾಚಬೇಕು. ಮಫ್ತಿ ದಳಕ್ಕೆ ಹೊಸದಾಗಿ ಬಂದವನಿಗೆ ಮೊದಲ ಎರಡು ತಿಂಗಳು ಪಾಲಿಲ್ಲ, ಆಸಾಮಿ ನಂಬಿಕಸ್ತನೋ ಅಲ್ಲವೋ ನೋಡಬೇಕಲ್ಲ. ಆ ನಷ್ಟ ತುಂಬಿಕೊಡಲು, ಅಲ್ಲಿಂದ ವರ್ಗವಾಗಿ ಹೋಗುವಾಗ ಎರಡು ತಿಂಗಳ ಪಾಲು ಹೆಚ್ಚಿಗೆ. ಮೇಲಿನ ದರ್ಜೆಯವನಿಗೆ ಒಂದೂವರೆ ಪಾಲು. ಮ್ಯಾನ್‌ಹಟನ್ ನಡುಭಾಗದಲ್ಲಿ ತಿಂಗಳಿಗೆ ತಲಾ 300-400 ಡಾಲರ್, ಹಾರ್ಲೆಮ್‌ನಲ್ಲಿ 1500ರ ತನಕ. ಇದೆಲ್ಲ ಯಾರೋ ಕಟ್ಟಿದ ಕತೆಯಲ್ಲ, ಮುಂದೆ ತನಿಖಾ ಆಯೋಗದ ವರದಿಯಲ್ಲಿ ದಾಖಲಾದ ಲೆಕ್ಕ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಂಥ ಹೆಸರಿದೆ ನೋಡಿ: ಮಾಮೂಲು. ಲಂಚ ಅಂದರೆ ತಪ್ಪು ಅಂತ ಕಿವಿಗೆ ಬೀಳುತ್ತದೆ. ಮಾಮೂಲು ಅಂದರೆ ಎಂದಿನಂತೆ ನಡೆದುಕೊಂಡು ಬಂದದ್ದು, ಅಷ್ಟೆ. ತೆಗೆದುಕೊಳ್ಳದವನೇ ವಿಚಿತ್ರ ಪ್ರಾಣಿ!

ಅಂಥ ವಿಚಿತ್ರ ಪ್ರಾಣಿ ಫ್ರಾಂಕ್ ಸರ್ಪಿಕೋ. ಬ್ರೂಕ್ಲಿನ್‌ನಲ್ಲಿ ಬೂಟು ರಿಪೇರಿ ಮಾಡುತ್ತಿದ್ದ ಇಟಲಿ ಮೂಲದವರ ಮಗ. 1959ರಲ್ಲಿ ಪೊಲೀಸ್ ಸೇರಿದ. 1966ರಲ್ಲಿ ಮಫ್ತಿ ದಳದಲ್ಲಿದ್ದಾಗ ಅವನ ಕೈಗೊಂದು ಲಕೋಟೆ ಬಂತು. ಒಳಗೆ 300 ಡಾಲರ್, ಜೂಜಿನವನೊಬ್ಬನ 'ಪ್ರೀತಿಯ ಕಾಣಿಕೆ'. ಏನು ಮಾಡಬೇಕೆಂದು ಅವನು ಕೇಳಿದ್ದು ಡೇವಿಡ್ ಡರ್ಕ್ ಎಂಬ ಇನ್ನೊಬ್ಬ ಪೊಲೀಸನನ್ನು.

ಡರ್ಕ್ ಪೂರಾ ಬೇರೆ ಜಾತಿಯ ಮನುಷ್ಯ. ವೈದ್ಯರ ಮಗ, ಆಮ್‌ಹರ್ಸ್ಟ್ ಎಂಬ ಹೆಸರಾಂತ ಕಾಲೇಜಿನ ಪದವೀಧರ, 1963ರಲ್ಲಿ ಪೊಲೀಸ್ ಸೇರಿದವನು. ಕೋಟು ಟೈ ಹಾಕಿಕೊಂಡು ಮೇಯರ್ ಕಚೇರಿಯೊಳಕ್ಕೂ ನಡೆದುಹೋಗಬಲ್ಲವನು. ಸರ್ಪಿಕೋ ಗಡ್ಡ, ಮಣಿಸರ, ಹಿಪ್ಪಿ ವೇಷದವನು. ಇಬ್ಬರೂ ಭೇಟಿಯಾದದ್ದು ಇಲಾಖೆಯ ಒಂದು ತರಬೇತಿಯಲ್ಲಿ. ಒಂದೇ ಕಾರಿನಲ್ಲಿ ಗಸ್ತು ತಿರುಗಿದ ಜೋಡಿ ಇದಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಡರ್ಕ್ ಅವನನ್ನು ನಗರದ ತನಿಖಾ ಇಲಾಖೆಯ ಒಬ್ಬ ಕ್ಯಾಪ್ಟನ್ ಬಳಿ ಕರೆದುಕೊಂಡು ಹೋದ. ಸರ್ಪಿಕೋ ಮುಂದೆ ಸಾಕ್ಷಿ ಹೇಳಿದ ಪ್ರಕಾರ, ಕ್ಯಾಪ್ಟನ್ ಕೊಟ್ಟ ಬುದ್ಧಿವಾದ ಇಷ್ಟೆ: ಈ ವಿಷಯ ಮರೆತುಬಿಡು, ಇಲ್ಲವಾದರೆ ಈಸ್ಟ್ ರಿವರ್ ಹೊಳೆಯಲ್ಲಿ ನಿನ್ನ ಹೆಣ ತೇಲುತ್ತದೆ. 1967ರಲ್ಲಿ ಮೇಯರ್ ಜಾನ್ ಲಿಂಡ್ಸೆಯ ಸಹಾಯಕ ಜೇ ಕ್ರೀಗಲ್ ಬಳಿ ಹೋದರು. ಅವನು ಗಮನವಿಟ್ಟು ಕೇಳಿದ, ಆದರೆ ಕೆಲಸ ಮುಂದಕ್ಕೆ ಹೋಗಲಿಲ್ಲ. ಬೇಸಿಗೆಯಲ್ಲಿ ಗಲಭೆಗಳಾದಾವು ಎಂಬ ಭಯ, ಅಂಥ ಹೊತ್ತಿನಲ್ಲಿ ಪೊಲೀಸರ ಸಿಟ್ಟು ಯಾಕೆ ಕಟ್ಟಿಕೊಳ್ಳಬೇಕು? ನಗರದ ತನಿಖಾ ಕಮಿಷನರ್ ಬಳಿ ಹೋದರು, ಅಲ್ಲೂ ಅದೇ ಕತೆ. ಕೊನೆಗೆ ಬ್ರಾಂಕ್ಸ್‌ನಲ್ಲಿ ಒಂದು ಕೇಸು ಆಯಿತು. 1969ರಲ್ಲಿ ಎಂಟು ಮಂದಿ ಪೊಲೀಸರ ಮೇಲೆ ಆರೋಪ ಹೊರಿಸಿದರು. ಎಲ್ಲರೂ ಕೆಳಗಿನವರು. ದೊಡ್ಡ ಮೀನುಗಳ ತಂಟೆಗೆ ಯಾರೂ ಹೋಗಲಿಲ್ಲ.

ಹೀಗೆ ಮೂರೂವರೆ ವರ್ಷ ಬಾಗಿಲು ತಟ್ಟಿ ಸಾಕಾದ ಮೇಲೆ ಅವರು ಹೋದದ್ದು 'ನ್ಯೂಯಾರ್ಕ್ ಟೈಮ್ಸ್' ವರದಿಗಾರ ಡೇವಿಡ್ ಬರ್ನ್‌ಹ್ಯಾಮ್ ಬಳಿಗೆ. ಬರೀ ಇಬ್ಬರು ಸಾಮಾನ್ಯ ಪೊಲೀಸರ ಮಾತನ್ನು ಪತ್ರಿಕೆ ಮುಖಪುಟಕ್ಕೆ ಹಾಕುವುದು ಕಷ್ಟ. ಆಗ ಮೂರನೆಯವನೊಬ್ಬ ಜೊತೆಗೆ ನಿಂತ, ಇನ್‌ಸ್ಪೆಕ್ಟರ್ ಪಾಲ್ ಡಿಲೈಸ್. ಇವನ ಮುಂದೆ ಇನ್ನೂ ಬಡ್ತಿ ಇತ್ತು, ಪಿಂಚಣಿ ಇತ್ತು, ಕಳೆದುಕೊಳ್ಳಲು ಬೇಕಾದಷ್ಟಿತ್ತು. ಆದರೂ ಬಂದು "ಇವರು ಹೇಳುತ್ತಿರುವುದು ನಿಜ" ಅಂದ. 1970ರ ಏಪ್ರಿಲ್ 25ರಂದು ಸುದ್ದಿ ಮುಖಪುಟದಲ್ಲಿ ಬಂತು. ಮರು ತಿಂಗಳೇ ಮೇಯರ್, ವಿಟ್ಮನ್ ನ್ಯಾಪ್ ಎಂಬ ವಕೀಲನ ನೇತೃತ್ವದಲ್ಲಿ ತನಿಖಾ ಆಯೋಗ ರಚಿಸಬೇಕಾಯಿತು. ನಾಲ್ಕು ವರ್ಷ ಆಗದ ಕೆಲಸ ಒಂದು ತಿಂಗಳಲ್ಲಿ ಆಯಿತು.

ಈಗ ಮಾವನ ಪ್ರಶ್ನೆಗೆ ಬರೋಣ.

1971ರ ಫೆಬ್ರವರಿ 3. ಸರ್ಪಿಕೋ ಆಗ ಬ್ರೂಕ್ಲಿನ್‌ನಲ್ಲಿ ಮಾದಕವಸ್ತು ದಳದಲ್ಲಿದ್ದ. ಹೆರಾಯಿನ್ ಮಾರುವವನೊಬ್ಬನನ್ನು ಹಿಡಿಯಲು ನಾಲ್ವರು ಹೋದರು. ಇವನಿಗೆ ಸ್ಪ್ಯಾನಿಷ್ ಬರುತ್ತಿತ್ತು, ಹಾಗಾಗಿ ಬಾಗಿಲು ತೆಗೆಸುವ ಕೆಲಸ ಇವನದು. ಬಾಗಿಲು ಒಂದಿಷ್ಟು ತೆರೆಯಿತು. ಇವನು ನುಗ್ಗಿದ, ಭುಜ, ತಲೆ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತು. ಹಿಂದಿದ್ದವರು ತಳ್ಳಲಿಲ್ಲ. ಮುಖಕ್ಕೆ ಗುಂಡು ಬಿತ್ತು. ಪೊಲೀಸನೊಬ್ಬನಿಗೆ ಅಪಾಯವಾದಾಗ ವೈರ್‌ಲೆಸ್‌ನಲ್ಲಿ ಕೂಗಬೇಕಾದ ಸಂಕೇತವನ್ನೂ ಜೊತೆಗಾರರು ಕೂಗಲಿಲ್ಲ ಎಂದು ಸರ್ಪಿಕೋ ಇವತ್ತಿಗೂ ಹೇಳುತ್ತಾ ಬಂದಿದ್ದಾನೆ. ಫೋನ್ ಮಾಡಿದವನು ಪಕ್ಕದ ಮನೆಯ ಮುದುಕ. ಸರ್ಪಿಕೋ ಬದುಕಿದ, ಎಡಗಿವಿ ಹೋಯಿತು. ಅದು ಬೇಕೆಂದೇ ಹೂಡಿದ ಬಲೆ ಎಂದು ಯಾರೂ ಸಾಬೀತು ಮಾಡಿಲ್ಲ. ಬಲೆಯೇ ಬೇಕಾಗಿಲ್ಲ ಅನ್ನಿಸುತ್ತದೆ ನನಗೆ. ಸುಮ್ಮನೆ ಒಂದು ಹೆಜ್ಜೆ ಹಿಂದೆ ನಿಂತರೂ ಸಾಕು.

ಇಲ್ಲೇ ನಮ್ಮ ಸಿನಿಮಾ ಸೂತ್ರ ತಲೆಕೆಳಗಾಗುವುದು. ಸಿನಿಮಾದಲ್ಲಿ ಪೊಲೀಸರಿಬ್ಬರ ಗೆಳೆತನ ಭ್ರಷ್ಟಾಚಾರದ ವಿರುದ್ಧ ಆಯುಧ. ನಿಜ ಜೀವನದಲ್ಲಿ ಆ ಗೆಳೆತನವೇ ಭ್ರಷ್ಟಾಚಾರವನ್ನು ಹಿಡಿದಿಟ್ಟ ಗಾರೆ. ಒಂದೇ ಕಾರು, ಒಂದೇ ಅಪಾಯ, ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿ. ಅಂಥವನ ಬಗ್ಗೆ ಯಾರು ಬಾಯಿಬಿಡುತ್ತಾರೆ? ಪಾಲು ತೆಗೆದುಕೊಳ್ಳದವನನ್ನು ಕಂಡರೆ ಅಂಜಿಕೆ, ಯಾಕೆಂದರೆ ಅವನ ಮೇಲೆ ಹಿಡಿತವಿಲ್ಲ. ಆ ಮೌನವನ್ನು ಒಡೆದ ಜೋಡಿ ಒಂದೇ ಕಾರಿನಲ್ಲಿ ಕೂತವರಲ್ಲ ಅಂತ ಆಗಲೇ ಹೇಳಿದೆನಲ್ಲ, ಅದಕ್ಕೇ.

1971ರ ಅಕ್ಟೋಬರ್‌ನಲ್ಲಿ ಒಂದು ತಮಾಷೆ ನಡೆಯಿತು. ಅದೇ ತಿಂಗಳು ನ್ಯಾಪ್ ಆಯೋಗದ ಬಹಿರಂಗ ವಿಚಾರಣೆ ಶುರುವಾಯಿತು. ಲಂಚ ತಿಂದು ಸಿಕ್ಕಿಬಿದ್ದ ವಿಲಿಯಂ ಫಿಲಿಪ್ಸ್ ಎಂಬ ಪೊಲೀಸನೇ ಕೂತು ಯಾರು, ಎಲ್ಲಿ, ಎಷ್ಟು ತಿನ್ನುತ್ತಾರೆ ಅಂತ ಬಿಡಿಸಿ ಹೇಳಿದ. ಅದೇ ತಿಂಗಳು 'ದಿ ಫ್ರೆಂಚ್ ಕನೆಕ್ಷನ್' ಸಿನಿಮಾ ಬಿಡುಗಡೆಯಾಯಿತು. ಎಡ್ಡಿ ಈಗನ್, ಸೋನಿ ಗ್ರೋಸೋ ಎಂಬ ನಿಜವಾದ ಪೊಲೀಸ್ ಜೋಡಿ 1962ರಲ್ಲಿ ಫ್ರಾನ್ಸಿನಿಂದ ಬಂದ ಹೆರಾಯಿನ್ ಹಿಡಿದ ಕತೆಯನ್ನು ಆಧರಿಸಿದ್ದು. 1972ರ ಏಪ್ರಿಲ್‌ನಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಜನ ಚಪ್ಪಾಳೆ ತಟ್ಟಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪೊಲೀಸರ ಜಪ್ತಿ ಮಾಲಿನ ಉಗ್ರಾಣ ತೆಗೆದು ನೋಡಿದರೆ, ಆ ಹೆರಾಯಿನ್ ಜಾಗದಲ್ಲಿ ಹಿಟ್ಟು! ಯಾರದೋ ಹೆಸರಿನ ಸುಳ್ಳು ಸಹಿ ಹಾಕಿ ಸ್ವಲ್ಪಸ್ವಲ್ಪವಾಗಿ ಮಾಲು ಹೊರಗೆ ಸಾಗಿಸಿದ್ದರು. ಬೇರೆ ಕೇಸುಗಳದ್ದೂ ಸೇರಿ ಕಾಣೆಯಾದದ್ದು 398 ಪೌಂಡ್ ಹೆರಾಯಿನ್ ಮತ್ತು ಕೊಕೇನ್, ಹತ್ತಿರ ಹತ್ತಿರ 180 ಕಿಲೋ. ಒಂದು ಜೋಡಿ ಹಿಡಿದು ತಂದದ್ದು, ಪೊಲೀಸರದೇ ಕಪಾಟಿನಿಂದ ಮತ್ತೆ ಬೀದಿಗೆ.

ಡಿಸೆಂಬರ್ 1971ರಲ್ಲಿ ಸರ್ಪಿಕೋ, ಡರ್ಕ್ ಇಬ್ಬರೂ ಆಯೋಗದ ಮುಂದೆ ಸಾಕ್ಷಿ ಹೇಳಿದರು. ಡರ್ಕ್ ಹೇಳಿದ್ದರ ಸಾರಾಂಶ ನನಗೆ ತುಂಬ ಹಿಡಿಸಿತು. ಇದು ದುಡ್ಡಿನ ವಿಷಯವೇ ಅಲ್ಲ, ದಿನಾ ಪ್ರಾಣ ಪಣಕ್ಕಿಡಲು ಯಾವ ದುಡ್ಡೂ ಸಾಲದು, ಇದು ವ್ರತದಂಥ ಕೆಲಸವಾಗಬೇಕು, ಇಲ್ಲವಾದರೆ ಏನೂ ಅಲ್ಲ ಅಂದ.

ಆಮೇಲೆ? ಸರ್ಪಿಕೋಗೆ 1972ರಲ್ಲಿ ಇಲಾಖೆಯ ಅತ್ಯುನ್ನತ ಪದಕ ಕೊಟ್ಟರು, ಸಮಾರಂಭವಿಲ್ಲದೆ, ಕೌಂಟರಿನ ಮೇಲೆ ಸಿಗರೇಟ್ ಪ್ಯಾಕ್ ತಳ್ಳಿದ ಹಾಗೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದರ ಪ್ರಮಾಣಪತ್ರ ಕೈಸೇರಿದ್ದು 2022ರಲ್ಲಿ! ಅವನು ನಿವೃತ್ತನಾಗಿ ಯೂರೋಪಿಗೆ ಹೋದ. ಪುಸ್ತಕ ಬಂತು, ಸಿನಿಮಾ ಬಂತು, ಜಗತ್ತಿಗೆಲ್ಲ ಹೆಸರಾದ. ಡರ್ಕ್ ಇಲಾಖೆಯಲ್ಲೇ ಉಳಿದ, ಮೂಲೆಗೆ ಸರಿದು, 1985ರಲ್ಲಿ ನಿವೃತ್ತನಾದ. ಸಿನಿಮಾದಲ್ಲಿ ಅವನ ಹೆಸರೂ ಇಲ್ಲ. ಬಾಬ್ ಬ್ಲೇರ್ ಎಂಬ ಬೇರೆ ಹೆಸರಿನ ಪೋಷಕ ಪಾತ್ರವಾಗಿ ಬಂದು ಹೋಗುತ್ತಾನೆ. 2012ರಲ್ಲಿ ತೀರಿಕೊಂಡ. ಒಂಟಿ ಸಲಗದ ಕತೆ ಚೆನ್ನಾಗಿ ಓಡುತ್ತದೆ, ನಿಜ. ಆದರೆ ಡರ್ಕ್ ಬಾಗಿಲು ತಟ್ಟದಿದ್ದರೆ, ಡಿಲೈಸ್ ಜೊತೆಗೆ ಹೋಗದಿದ್ದರೆ, ಸರ್ಪಿಕೋ ಯಾರಿಗೂ ಗೊತ್ತಿಲ್ಲದ ಒಬ್ಬ ತಿಕ್ಕಲು ಪೊಲೀಸ್ ಆಗಿ ಉಳಿಯುತ್ತಿದ್ದ.

ಅಲ್ಲಿಗೆ ಎಲ್ಲ ಸರಿಹೋಯಿತೇ ಅಂದರೆ, ಇಲ್ಲ. 1992ರಲ್ಲಿ ಮೈಕಲ್ ಡೌಡ್, ಕೆನ್ನಿ ಯೂರೆಲ್ ಎಂಬ ಜೋಡಿ ಸಿಕ್ಕಿಬಿತ್ತು. ಇವರು ನಿಜವಾಗಿಯೂ ಒಂದೇ ಕಾರಿನ ಜೊತೆಗಾರರು. ಕೊಕೇನ್ ದಂಧೆಯವರಿಂದ ವಾರವಾರ ಹಣ ಪಡೆದು ಅವರಿಗೇ ಕಾವಲು ಕಾದವರು. ಮತ್ತೆ ಆಯೋಗ, ಮತ್ತೆ ವರದಿ. ಆದರೂ ಒಂದು ವ್ಯತ್ಯಾಸವಿತ್ತು. ಊರೂರಿನ ಪ್ಯಾಡ್, ಎಲ್ಲರಿಗೂ ಪಾಲು ಎಂಬ ಆ ಹಳೆಯ ವ್ಯವಸ್ಥೆ ನ್ಯಾಪ್ ಆದಮೇಲೆ ಮತ್ತೆ ಅದೇ ರೂಪದಲ್ಲಿ ತಲೆಯೆತ್ತಲಿಲ್ಲ.

ನ್ಯಾಪ್ ವರದಿ ಭ್ರಷ್ಟ ಪೊಲೀಸರಲ್ಲಿ ಎರಡು ಬಗೆ ಗುರುತಿಸುತ್ತದೆ. ಬೇಟೆಯಾಡಿ ಹಣ ಕೀಳುವವರು ಮಾಂಸ ತಿನ್ನುವವರು, ಅವರ ಸಂಖ್ಯೆ ಕಡಿಮೆ. ಕೈಗೆ ಬಂದದ್ದನ್ನು ಸುಮ್ಮನೆ ಜೇಬಿಗಿಳಿಸುವವರು ಹುಲ್ಲು ತಿನ್ನುವವರು, ಇವರೇ ಬಹಳ. ಜೊತೆಗೆ ಇನ್ನೊಂದು ಮಾತಿದೆ. ಒಂದು ಕಾಸೂ ಮುಟ್ಟದವರು ಕೂಡ, ಕಣ್ಣೆದುರು ನಡೆಯುವುದನ್ನು ತಡೆಯಲು ಏನೂ ಮಾಡದಿದ್ದರೆ, ಇದರಲ್ಲಿ ಭಾಗಿಗಳೇ.

ಮೊನ್ನೆ ಫೋನಿನಲ್ಲಿ ಮಾವನಿಗೆ ಇದನ್ನೆಲ್ಲ ಹೇಳಿದೆ. ಮಾಂಸ, ಹುಲ್ಲು ಅಂದಾಗ ಜೋರಾಗಿ ನಕ್ಕರು. ಮೂರನೆಯ ಮಾತು ಹೇಳಿದ ಮೇಲೆ ನಗಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮಾವ ಕೈ ಚಾಚಿದವರಲ್ಲ. ಅತ್ತೆ ಅದನ್ನೇ ಹೇಳಿ ಹೇಳಿ ಬೈಯುತ್ತಿದ್ದರು.

"ನಾನು ನಂದಲ್ಲದ್ದು ಮುಟ್ಟಲಿಲ್ಲ ಕಣೋ. ಲಕೋಟೆ ಬಂದಾಗ ಪಕ್ಕದವನ ಕಡೆ ತಳ್ಳಿಬಿಡ್ತಿದ್ದೆ. ಅವನೂ ಖುಷಿ, ನಾನೂ ಹಗುರ. ಅದನ್ನೇ ದೊಡ್ಡದು ಅನ್ಕೊಂಡಿದ್ದೆ."

"ಮತ್ತೆ ಯಾರಿಗೂ ಹೇಳ್ಬೇಕು ಅನ್ನಿಸ್ಲಿಲ್ವಾ ಮಾವ?"

"ಯಾರಿಗೆ ಹೇಳೋದು? ನನ್ನ ಹಾಗೇ ಇನ್ನೂ ಇಬ್ಬರು ಮೂವರು ಇದ್ರು ಅನ್ಸುತ್ತೆ. ಅವರೂ ತಳ್ಳಿಬಿಡ್ತಿದ್ರು. ನಾವು ಯಾವತ್ತೂ ಒಬ್ಬರನ್ನೊಬ್ಬರು ಕೇಳ್ಕೊಳ್ಲಿಲ್ಲ."

ಅಷ್ಟು ಹೇಳಿ ಮಳೆ ಹೇಗಿದೆ ಅಲ್ಲಿ ಅಂತ ಮಾತು ತಿರುಗಿಸಿದರು. ನಾನೂ ಒತ್ತಾಯ ಮಾಡಲಿಲ್ಲ. ನಾನೇನು ದೊಡ್ಡ ಹರಿಶ್ಚಂದ್ರನ ಮೊಮ್ಮಗನಲ್ಲ. ಆಫೀಸಿನಲ್ಲಿ ಸುಳ್ಳು ಬಿಲ್ಲುಗಳು ಪಾಸಾಗುವುದನ್ನು ಕಂಡೂ, ನನ್ನದು ಸರಿಯಿದೆಯಲ್ಲ ಅಂತ ಕಂಪ್ಯೂಟರ್ ನೋಡುತ್ತಾ ಕೂತವನೇ.

ಇನ್ನು ಮುಂದೆಯೂ ಜೋಡಿ ಪೊಲೀಸರ ಸಿನಿಮಾ ನೋಡುತ್ತೇನೆ, ಬಿಡುವ ಚಟವಲ್ಲ ಅದು. ಆದರೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ದೃಶ್ಯ ಬಂದಾಗ ನನಗೆ ಗಡ್ಡದ ಸರ್ಪಿಕೋಗಿಂತ ಕೋಟು ಹಾಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಡರ್ಕ್ ನೆನಪಾಗುತ್ತಾನೆ. ಲಕೋಟೆ ಹಿಡಿದು ಬಂದ ಗೆಳೆಯ "ಏನ್ ಮಾಡ್ಲಿ?" ಅಂತ ಕೇಳಿದಾಗ, "ನಡಿ, ನಾನೂ ಬರ್ತೀನಿ" ಅಂದವನು ಅವನು. ನಿಮ್ಮ ಪಕ್ಕದಲ್ಲಿ ಅಂಥವರು ಯಾರಾದರೂ ಇದ್ದರೆ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಓದಲು ನಾನಂತೂ ಕಾಯುತ್ತಿರುತ್ತೇನೆ.