ಮದ್ಯಸಾರ, ಕಾರ್ಬ್ಯುರೇಟರ್ ಮತ್ತು ನಮ್ಮ ಹಳೇ ಗಾಡಿ



ಕಾಕಂಬಿಯಿಂದ ತೆಗೆದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ವಿಚಾರ ಹೊಸದಲ್ಲ. ಅದಕ್ಕೆಂದೇ 1948ರಲ್ಲಿ ಭಾರತದಲ್ಲಿ ಕಾಯಿದೆಯಾಯಿತು. ನಮ್ಮ ನಿಲಂಗಾ, ಉದಗೀರ ಆಗಿನ್ನೂ ಬೀದರ ಜಿಲ್ಲೆಯಲ್ಲಿದ್ದವು.

ಸುಮಾರು ಅದೇ ಕಾಲಕ್ಕೆ ಅಮೆರಿಕದ ಪಂದ್ಯದ ಕಾರಿನವರಿಗೆ ಒಂದು ತೊಡಕಿತ್ತು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ 6.4 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಇಮ್ಮಡಿಗಿಂತ ಹೆಚ್ಚು. ಗಾಳಿಯ ಸೆಳೆತದಿಂದ ಇಂಧನ ಕೊಡುವ ಕಾರ್ಬ್ಯುರೇಟರಿಗೆ ಇದು ಭಾರ. ಜೆಟ್ಟಿನ ತೂತು ದೊಡ್ಡದಾಗಬೇಕು. ಸ್ಟುವರ್ಟ್ ಹಿಲ್‌ಬಾರ್ನ್ ಎಂಬಾತ ಎಂಜಿನ್ನೇ ತಿರುಗಿಸುವ ಪಂಪಿನಿಂದ ಇಂಧನ ಚಿಮ್ಮಿಸಿದ. ಪಂದ್ಯಕ್ಕೆ ಅದು ಒಗ್ಗಿತು. ನಿಂತು ನಿಂತು ಓಡುವ ಬೀದಿಯ ಗಾಡಿಗೆ ಕಾರ್ಬ್ಯುರೇಟರೇ ಉಳಿಯಿತು.

ಬ್ಯಾಂಕಿನಲ್ಲಿ ನಾನು ಸಾಲದ ಕಾಗದ ಬರೆದ ಮೋಟಾರ್ ಸೈಕಲ್ಲುಗಳೆಲ್ಲ ಕಾರ್ಬ್ಯುರೇಟರಿನವು. 2020ರಿಂದ ಬಹುತೇಕ ಹೊಸ ಗಾಡಿಗಳಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು. 2025ಕ್ಕೆ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಆಯಿತು. ಇಂಜೆಕ್ಷನ್ ತಾನೇ ಅಳತೆ ಹೊಂದಿಸಿಕೊಳ್ಳುತ್ತದೆ, ಕಾರ್ಬ್ಯುರೇಟರ್ ಹೊಂದಿಸಿಕೊಳ್ಳಲಾರದು.

ಕಬ್ಬೂ ನಮ್ಮದೇ, ಹಳೇ ಗಾಡಿಯೂ ನಮ್ಮದೇ. ಗಾಡಿ ಮಾರುವ ಮೊದಲು ಮಿಸ್ತ್ರಿಗೆ ಜೆಟ್ಟು, ರಬ್ಬರ್ ಪೈಪು ತೋರಿಸಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಬಸಿದಿಡಿರಿ. ಮದ್ಯಸಾರ ನೀರು ಹೀರುತ್ತದೆ. ಹೊಸ ಸಾಲಕ್ಕೆ ಅವಸರ ಬೇಡ.