ಶೇಂದಿ ಮಡಕೆಯ ಶಕ್ತಿಲೆಕ್ಕ

ಮಣಿಪಾಲದ ಮಗ್ಗುಲಿನ ಅಲೆವೂರಿನಿಂದ ಕಾಪುವಿನ ಕಡಲಬದಿಯವರೆಗೂ ತೆಂಗಿನ ಮರಗಳಿಗೆ ಬರವಿಲ್ಲ. 1801ರಲ್ಲಿ ತುಳುನಾಡನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, ಮರದ ರಸ ಇಳಿಸುವುದು, ಅದರಿಂದ ಬೆಲ್ಲ ಕಾಯಿಸುವುದು, ಮದ್ಯ ಭಟ್ಟಿ ಇಳಿಸುವುದು ಬಿಲ್ಲವರ ಕಸುಬೆಂದು ಬರೆದಿಟ್ಟಿದ್ದಾನೆ.

ರಸ ಇಳಿಸುವ ಮೂರ್ತೆಯವರಿಗೆ ಮರ ಒಂದೇ, ಸರಕು ಎರಡು. ಒಳಗೆ ಸುಣ್ಣ ಬಳಿದ ಮಡಕೆಯನ್ನು ಹೊಂಬಾಳೆಗೆ ಕಟ್ಟಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಕುದಿಸಿದರೆ ಬೆಲ್ಲ. ತಾಳೆಯ ರಸವಾದರೆ ಓಲೆಬೆಲ್ಲ. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ನೊರೆಯುಕ್ಕಿ ಶೇಂದಿ. ಮತ್ತೂ ಬಿಟ್ಟರೆ ಹುಳಿ.

ಈ ಮಡಕೆಯೊಳಗಿನ ವ್ಯವಹಾರವನ್ನು ಯುರೋಪು ಬೇರೆ ದಾರಿಯಿಂದ ಬಿಡಿಸಿತು. ಸಕ್ಕರೆ ಒಡೆದು ಆಲ್ಕೋಹಾಲೂ ಇಂಗಾಲದ ಡೈಆಕ್ಸೈಡೂ ಆಗುವುದನ್ನು ಫ್ರಾನ್ಸಿನ ರಸಾಯನಜ್ಞ ಲಾವೋಸಿಯೇ 1789ರಲ್ಲಿ ತೂಕದ ಲೆಕ್ಕದಲ್ಲಿ ತೋರಿಸಿದ. 1897ರಲ್ಲಿ ಜರ್ಮನಿಯ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸವೊಂದೇ ಆ ಕೆಲಸ ಮಾಡುವುದನ್ನು ಕಂಡ. ತೂಕ ಸರಿಹೋಯಿತು, ಶಕ್ತಿ?

ಒಂದು ಮೋಲ್ ಗ್ಲೂಕೋಸ್ ಆಲ್ಕೋಹಾಲಾದಾಗ ಸುಮಾರು 235 ಕಿಲೋಜೂಲ್ ಮುಕ್ತಶಕ್ತಿ, ಅಂದರೆ ಕೆಲಸಕ್ಕೆ ಒದಗಬಲ್ಲ ಶಕ್ತಿ, ಇಳಿಯುತ್ತದೆ. ಯೀಸ್ಟಿಗೆ ದಕ್ಕುವುದು ಎರಡೇ ಮೋಲ್ ಎಟಿಪಿ (ಜೀವಕೋಶದ ಶಕ್ತಿನಾಣ್ಯ), ಅಂದರೆ ಅದರಲ್ಲಿ ಕಾಲುಭಾಗದಷ್ಟು. ಹುಳಿಯ ಲಾಭ ಇನ್ನೂ ದೊಡ್ಡದು: ಗಾಳಿಯ ಆಮ್ಲಜನಕ ಹೀರಿ ಒಂದು ಮೋಲ್ ಆಲ್ಕೋಹಾಲ್ ಅಸಿಟಿಕ್ ಆಮ್ಲವಾದರೆ ಸುಮಾರು 450 ಕಿಲೋಜೂಲ್. ಶೇಂದಿಯನ್ನು ಮರುದಿನಕ್ಕೆ ಇಡಲಾಗದೆ ಒದ್ದಾಡುವವರ ಎದುರಾಳಿ ಸಣ್ಣವನಲ್ಲ! ಸುಣ್ಣ ಈ ಶಕ್ತಿಯ ಇಳಿಜಾರನ್ನು ತಗ್ಗಿಸಿ ಮಟ್ಟಮಾಡುವುದಿಲ್ಲ. ರಸವನ್ನು ಕ್ಷಾರವಾಗಿಸಿ ಯೀಸ್ಟಿನ ಕೈ ಕಟ್ಟುತ್ತದೆ, ಅಷ್ಟೆ. ಕ್ರಿಯೆ ಯಾವ ದಿಕ್ಕಿಗೆ ನಡೆಯಬಹುದೆಂದು ಮುಕ್ತಶಕ್ತಿ ಹೇಳುತ್ತದೆ, ಎಷ್ಟು ಹೊತ್ತಿಗೆಂದು ಹೇಳುವುದಿಲ್ಲ.

ಜೀವಕೋಶದ ಪ್ರತಿಯೊಂದು ಕ್ರಿಯೆಯ ಮುಕ್ತಶಕ್ತಿಯನ್ನೂ ಹೀಗೆ ಅಳೆಯುವುದು ಆಗದ ಮಾತು. 1957ರಲ್ಲಿ ಜೀವರಸಾಯನಜ್ಞರಾದ ಕ್ರೆಬ್ಸ್ ಮತ್ತು ಕಾರ್ನ್‌ಬರ್ಗ್ ಹೊರತಂದ ಪುಸ್ತಕಕ್ಕೆ ಬರ್ಟನ್ ಮುಕ್ತಶಕ್ತಿಯ ಕೋಷ್ಟಕ ಕೂಡಿಸಿಕೊಟ್ಟ. ಕೋಷ್ಟಕದಲ್ಲಿಲ್ಲದ ಅಣುಗಳಿಗೆ 1990ರ ಹೊತ್ತಿನಲ್ಲಿ ಮಾವ್ರೋವುನಿಯೋಟಿಸ್ ಒಂದು ಉಪಾಯ ಮಾಡಿದ. ಹಳೇ ಮನೆಯ ಬೆಲೆ ಕಟ್ಟುವವನು ಮುರಕಲ್ಲು, ಮರ, ಹಂಚುಗಳನ್ನು ಬೇರೆಬೇರೆ ಎಣಿಸಿ ಕೂಡುವಂತೆ, ಅಣುವನ್ನು ತುಣುಕುಗಳಾಗಿ ನೋಡಿ ಒಂದೊಂದರ ಪಾಲನ್ನು ಕೂಡುವುದು. 2012ರಲ್ಲಿ ಬಂದ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ‘ಈಕ್ವಿಲಿಬ್ರೇಟರ್’ ಜಾಲತಾಣ ಇಂಥ ಅಂದಾಜನ್ನು ಯಾರಿಗೂ ಕೈಗೆಟುಕಿಸಿತು.

ಆದರೆ ಕೋಷ್ಟಕದ ಅಂಕಿ ಸಾಮಾನ್ಯವಾಗಿ ಪಿಎಚ್ 7ಕ್ಕೆ, ನಿಗದಿತ ಸಾಂದ್ರತೆಗೆ ಕಟ್ಟಿದ್ದು. ಆಗತಾನೆ ಇಳಿದ ರಸ ಅದರ ಹತ್ತಿರವಿದ್ದೀತು. ಹುಳಿಯೇರಿದ ಶೇಂದಿ ಅಲ್ಲಿಂದ ಬಹಳ ದೂರ. ಸಕ್ಕರೆ ಕರಗಿ ಆಲ್ಕೋಹಾಲ್ ಏರಿದಂತೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಬೇಕು.